ಇನ್ನೊಬ್ಬರಿಗೆ ಹೇಳಬೇಕು ಅಂದಾಗ ಮಾತ್ರ ಅಭ್ಯಾಸ ಉಳಿಯೋದು ಯಾಕೆ?

ಬೆಳಗಿನಸಾಲು:
ದಿನಾ ಸ್ವಲ್ಪ ಹೊತ್ತು ಕೂತು ಬರೆಯೋ ಅಭ್ಯಾಸ ಇಟ್ಟುಕೊಂಡಿದ್ದೆ. ಗೆಳತಿಯೊಬ್ಬಳು ರಾತ್ರಿ ಮಲಗೋ ಮುಂಚೆ "ಬರೆದ್ಯಾ?" ಅಂತ ಒಂದೇ ಒಂದು ಪದ ಕಳಿಸ್ತಿದ್ದಳು. ನಾನು "ಹೂಂ" ಅಂತಲೋ "ಇಲ್ಲ" ಅಂತಲೋ ಉತ್ತರ ಹಾಕಬೇಕು, ಅಷ್ಟೇ. ಬೈಯೋದಿಲ್ಲ, ಶಹಬ್ಬಾಸ್ ಅನ್ನೋದೂ ಇಲ್ಲ. ಅವಳು ಕೇಳ್ತಿದ್ದಷ್ಟು ಕಾಲ ಬರವಣಿಗೆ ಸಲೀಸಾಗಿ ನಡೀತು. ಅವಳ ಕೆಲಸದ ವೇಳೆ ಬದಲಾಗಿ ಕೇಳೋದು ನಿಂತ ಮೇಲೆ ನನ್ನ ನೋಟ್‌ಬುಕ್ಕೂ ಮುಚ್ಚಿಕೊಂಡಿತು.

ಬರೆಯೋ ಆಸೆ ಆಗಲೂ ನನ್ನದೇ, ಈಗಲೂ ನನ್ನದೇ. ಬದಲಾಗಿದ್ದು ಆ ಒಂದು ಪದ ಮಾತ್ರ. ಹಾಗಾದ್ರೆ ಅಷ್ಟು ದಿನ ಬರೆಸಿದ್ದು ನನ್ನ ಆಸೆಯೋ, ಅವಳ ಪ್ರಶ್ನೆಯೋ? ಇದನ್ನ ದೌರ್ಬಲ್ಯ ಅಂತ ತಿಳಕೋಬೇಕಾ, ಇಲ್ಲ ಮನುಷ್ಯರು ಇರೋದೇ ಹೀಗೆ ಅಂತ ಒಪ್ಪಿಕೊಂಡು ಮತ್ತೊಬ್ಬರನ್ನ ಹುಡುಕಬೇಕಾ?

ನಡಿಗೆಗಾರ:
ಮತ್ತೊಬ್ಬರನ್ನ ಹುಡುಕಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?

ಒಂಟಿಸಲಗ:
ನಾನು ಒಪ್ಪಲ್ಲ. ಯಾರೋ ಕೇಳ್ತಾರೆ ಅಂತ ಮಾಡೋ ಕೆಲಸ ಅಭ್ಯಾಸ ಆಗಿರೋದಿಲ್ಲ, ಅದು ಹಾಜರಿ. ಕೇಳೋರು ಹೋದ ದಿನ ಕೆಲಸವೂ ಹೋಯ್ತು ಅಂತ ನೀವೇ ಬರೆದಿದ್ದೀರಲ್ಲ ಮೇಡಂ, ಅದಕ್ಕಿಂತ ಸಾಕ್ಷಿ ಬೇಕಾ? ಒಂದು ವರ್ಷ ತಡವಾದರೂ ಪರವಾಗಿಲ್ಲ, ಒಳಗಿನಿಂದ ಬರಬೇಕು. ನಾನು ಓಡೋಕೆ ಶುರು ಮಾಡಿದಾಗ ಮನೆಯವರಿಗೂ ಹೇಳಿರಲಿಲ್ಲ. ಈಗಲೂ ಯಾರಿಗೂ ಲೆಕ್ಕ ಒಪ್ಪಿಸಲ್ಲ.

ಸಣ್ಣಸ್ವರ:
ಬಳ್ಳಿಗೆ ಚಪ್ಪರ ಹಾಕಿದ್ರೆ ಬಳ್ಳಿಯನ್ನ ದುರ್ಬಲ ಅಂತ ಯಾರಾದ್ರೂ ಬೈತಾರಾ ಸಲಗ ಅವರೇ? ಅದು ಹಬ್ಬೋದೇ ಹಾಗೆ. ಎಲ್ಲರೂ ಒಂಟಿಯಾಗಿ ನಿಂತ ಮರ ಆಗಬೇಕು ಅನ್ನೋದು ಯಾಕೆ?

ಪುಟತಿರುವು:
ಇದರ ಬಗ್ಗೆ ಒಳ್ಳೆ ಸಂಶೋಧನೆಗಳಿವೆ. ನೆನಪಿರೋದು ಹೇಳ್ತೀನಿ.

2016ರಲ್ಲಿ ಹಾರ್ಕಿನ್ ಮತ್ತು ಜೊತೆಯವರು 138 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಸುಮಾರು 20,000 ಜನರ ಲೆಕ್ಕ. ಗುರಿಯ ಕಡೆ ಎಷ್ಟು ಸಾಗಿದ್ದೀವಿ ಅಂತ ಆಗಾಗ ನೋಡಿಕೊಳ್ಳೋದರಿಂದಲೇ ಪ್ರಯೋಜನ ಇದೆ ಅನ್ನೋದು ಮೊದಲ ಮಾತು. ಆ ಪ್ರಗತಿಯನ್ನ ಎಲ್ಲಾದರೂ ಬರೆದಿಟ್ಟರೆ, ಅಥವಾ ಇನ್ನೊಬ್ಬರಿಗೆ ತಿಳಿಸಿದರೆ, ಪ್ರಯೋಜನ ಇನ್ನೂ ಹೆಚ್ಚು ಅನ್ನೋದು ಎರಡನೇದು. ನಿಮ್ಮ ಗೆಳತಿಯ ಒಂದು ಪದ ಎರಡನ್ನೂ ಮಾಡ್ತಿತ್ತು. ದಿನಕ್ಕೊಮ್ಮೆ ನೀವು ನಿಮ್ಮನ್ನೇ ನೋಡಿಕೊಳ್ಳೋ ಹಾಗೆ ಮಾಡ್ತಿತ್ತು, ನೋಡಿದ್ದನ್ನ ಹೊರಗೆ ಹೇಳಿಸ್ತಿತ್ತು.

ಇನ್ನೊಂದು 1999ರದ್ದು, ವಿಂಗ್ ಮತ್ತು ಜೆಫ್ರಿ ಅವರದು. ತೂಕ ಇಳಿಸೋ ಕಾರ್ಯಕ್ರಮಕ್ಕೆ ಕೆಲವರು ಒಬ್ಬರೇ ಬಂದರು, ಕೆಲವರು ಗೆಳೆಯರ ಜೊತೆ ಬಂದರು. ಒಬ್ಬರೇ ಬಂದು ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 76% ಜನ ಕೊನೆ ತನಕ ಉಳಿದರು. ಗೆಳೆಯರ ಜೊತೆ ಬಂದು, ಒಬ್ಬರಿಗೊಬ್ಬರು ನೆರವಾಗೋದನ್ನೂ ಕಲಿತವರಲ್ಲಿ 95%. ಇಳಿಸಿದ ತೂಕವನ್ನ ಪೂರ್ತಿ ಹಾಗೇ ಉಳಿಸಿಕೊಂಡವರು ಮೊದಲ ಗುಂಪಲ್ಲಿ 24%, ಎರಡನೇದರಲ್ಲಿ 66%.

ಒಂಟಿಸಲಗ:
ಗೆಳೆಯರನ್ನ ಕರಕೊಂಡು ಬರೋ ಅಂಥವರೇ ಬೇರೆ ಸ್ವಭಾವದವರು ಇರಬಹುದಲ್ಲ? ಗೆದ್ದಿದ್ದು ಗೆಳೆತನ ಅಂತ ಹೇಗೆ ಹೇಳ್ತೀರಿ?

ಪುಟತಿರುವು:
ನ್ಯಾಯವಾದ ಪ್ರಶ್ನೆ. ಒಬ್ಬರೇ ಬರೋದು, ಜೊತೆಯಲ್ಲಿ ಬರೋದು ಅವರವರ ಆಯ್ಕೆ ಆಗಿತ್ತು, ಚೀಟಿ ಎತ್ತಿ ಹಂಚಿದ್ದಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಸಂಶಯ ನಿಲ್ಲುತ್ತೆ.

ಗಟ್ಟಿಮಾತು:
ನಾ ಕೇಳಿದ್ದು ಹೇಳ್ತೀನ್ರಿ. ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದಾಗ 1953ರಾಗ ಓದು ಮುಗಿಸಿದ ಹುಡುಗರನ್ನ ಕೇಳಿದ್ರಂತ. 3% ಹುಡುಗರು ಅಷ್ಟ ಗುರಿ ಬರದಿಟ್ಟಿದ್ರಂತ. ಇಪ್ಪತ್ತು ವರ್ಷ ಆದಮ್ಯಾಲೆ ನೋಡಿದ್ರ ಆ 3% ಮಂದಿ ಉಳದ ಎಲ್ಲಾರಕ್ಕಿಂತ ಹೆಚ್ಚು ಗಳಿಸಿದ್ರಂತ. ತರಬೇತಿ ಕೊಡೋರೆಲ್ಲಾ ಇದನ್ನ ಹೇಳ್ತಾರ.

ಪುಟತಿರುವು:
ಹೇಳ್ತಾರೆ ನಿಜ, ಆದರೆ ಆ ಅಧ್ಯಯನ ನಡೆದೇ ಇಲ್ಲ. ಹುಡುಕಿದವರಿಗೆ ಯೇಲ್‌ನಲ್ಲಿ ಅದರ ಸುಳಿವೂ ಸಿಕ್ಕಿಲ್ಲ. ಆ ಕಥೆ ಸುಳ್ಳು ಅಂತ ಗೊತ್ತಾದ ಮೇಲೆ ಗೇಲ್ ಮ್ಯಾಥ್ಯೂಸ್ ಅನ್ನೋ ಮನಶ್ಶಾಸ್ತ್ರಜ್ಞೆ ನಿಜವಾಗಲೂ ಒಂದು ಪ್ರಯೋಗ ಮಾಡಿದರು. ಕೊನೆ ತನಕ ಉಳಿದವರು 149 ಜನ. ಗುರಿಯನ್ನ ಮನಸ್ಸಲ್ಲೇ ಇಟ್ಟುಕೊಂಡವರಲ್ಲಿ 35% ಮಂದಿ ಗುರಿ ಮುಟ್ಟಿದರು, ಇಲ್ಲವೇ ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದರು. ಬರೆದಿಟ್ಟು, ವಾರವಾರ ಸ್ನೇಹಿತರಿಗೆ ವರದಿ ಕಳಿಸಿದವರಲ್ಲಿ ಅದು 70%ಕ್ಕಿಂತ ಮೇಲೆ. ಸಣ್ಣ ಪ್ರಯೋಗ, ಎಷ್ಟು ಸಾಧಿಸಿದೆವು ಅಂತ ಹೇಳಿದ್ದೂ ಅವರವರೇ. ಆ ಮಿತಿಯನ್ನ ಮನಸ್ಸಲ್ಲಿಟ್ಟುಕೊಂಡು ಓದಬೇಕು.

ಗಟ್ಟಿಮಾತು:
ಛಲೋ ಆತು ಬಿಡ್ರಿ, ಇಷ್ಟು ವರ್ಷ ಅದನ್ನ ಖರೇ ಅಂತ ನಂಬಿದ್ದೆ. ಇನ್ನ ಮುಂದ ಯಾರರ ಹೇಳಿದ್ರ ನಾನ ತಿದ್ದತೀನಿ.

ರಾತ್ರಿಪಾಳಿ:
ನಾನು ನರ್ಸ್. ಅಭ್ಯಾಸ ಉಳಿಯೋದು, ಮುರಿಯೋದು ದಿನಾ ನೋಡ್ತೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಕ್ಷಯರೋಗದ ಮಾತ್ರೆಯನ್ನ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ಕೆಲವು ವಾರಗಳಲ್ಲೇ ಜ್ವರ ಇಳಿಯುತ್ತೆ, ಕೆಮ್ಮು ಕಡಿಮೆ ಆಗುತ್ತೆ, ಹಸಿವು ಹುಟ್ಟುತ್ತೆ. ಅಲ್ಲೇ ಅಪಾಯ ಇರೋದು. "ವಾಸಿ ಆಯ್ತಲ್ಲ" ಅಂತ ಬಿಟ್ಟುಬಿಡ್ತಾರೆ. ಅದಕ್ಕೇ ಒಬ್ಬರ ಎದುರಲ್ಲೇ ಮಾತ್ರೆ ನುಂಗಿಸೋ ಪದ್ಧತಿ ಬಂತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಾಟ್ಸ್ ಅನ್ನೋ ಹೆಸರಲ್ಲಿ ಅದನ್ನ ಲೋಕಕ್ಕೆಲ್ಲ ಹರಡಿತು. ಇನ್ನೊಬ್ಬರ ಕಣ್ಣೆದುರು ಮಾಡಿಸಿದರೆ ಕೆಲಸ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ ಅಂತ ನಾನೂ ಅಂದುಕೊಂಡಿದ್ದೆ.

ಆದರೆ 2015ರಲ್ಲಿ ವೈದ್ಯಕೀಯ ಪ್ರಯೋಗಗಳನ್ನ ಪರಿಶೀಲಿಸೋ ಸಂಸ್ಥೆಯಾದ ಕೊಕ್ರೇನ್‌ನವರು ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಎದುರಲ್ಲೇ ನುಂಗಿದವರಿಗೂ ಮನೆಯಲ್ಲಿ ತಾವೇ ನುಂಗಿದವರಿಗೂ ಗುಣ ಆಗೋದರಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಸಿಗಲಿಲ್ಲ. ಓದಿ ನನಗೆ ಆಶ್ಚರ್ಯ ಆಯ್ತು. ಆಮೇಲೆ ನಾನು ನೋಡಿದ ರೋಗಿಗಳನ್ನ ನೆನಪಿಸಿಕೊಂಡಾಗ ಅರ್ಥವಾಯ್ತು. ಸುಮ್ಮನೆ ನುಂಗಿದ್ದಾರಾ ಅಂತ ನೋಡಿ ಗುರುತು ಹಾಕಿಕೊಳ್ಳೋರ ಮುಂದೆ ಜನ ಮುಖ ತಪ್ಪಿಸ್ತಾರೆ. "ನಿನ್ನೆ ವಾಂತಿ ಆಯ್ತಾ? ನಿದ್ದೆ ಬಂತಾ?" ಅಂತ ಕೇಳೋರ ಹತ್ತಿರ ತಪ್ಪದೆ ಬರ್ತಾರೆ. ಮಾತ್ರೆ ಬಿಟ್ಟಿದ್ರೆ ಅದನ್ನೂ ಹೇಳ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯ ಅದೇ, ಬಿಟ್ಟೆ ಅಂತ ಹೇಳೋಕೆ ಧೈರ್ಯ ಬರೋ ಜಾಗ ಇರಬೇಕು.

ಬೆಳಗಿನಸಾಲು:
ರಾತ್ರಿಪಾಳಿ ಅವರೇ, ಕೊನೇ ಸಾಲು ಎರಡು ಸಲ ಓದಿದೆ. ನನ್ನ ಗೆಳತಿಗೆ "ಇಲ್ಲ" ಅಂತ ಕಳಿಸೋಕೆ ಯಾವತ್ತೂ ಹಿಂಜರಿಕೆ ಆಗ್ತಿರಲಿಲ್ಲ.

ಹೊಗೆಬಿಟ್ಟವ:
ಸಿಗರೇಟ್ ಬಿಟ್ಟವನಾಗಿ ಹೇಳ್ತೀನಿ, ಎಲ್ಲರ ಮುಂದೆ ಘೋಷಣೆ ಮಾಡೋದರಿಂದ ಏನೂ ಆಗಲ್ಲ. "ನಾಳೆಯಿಂದ ಬಿಟ್ಟೆ" ಅಂದ ಕೂಡಲೇ ಎಲ್ಲರೂ ಬೆನ್ನು ತಟ್ಟುತ್ತಾರೆ. ಬಿಡೋ ಮುಂಚೆಯೇ ಬಿಟ್ಟಷ್ಟು ಖುಷಿ ಸಿಕ್ಕಿಬಿಡುತ್ತೆ. ನನಗೆ ಕೆಲಸಕ್ಕೆ ಬಂದಿದ್ದು ಅಣ್ಣನಿಗೆ ಸಂಜೆ ಸಂಜೆ ಫೋನ್ ಮಾಡಿ ಇವತ್ತು ಏನಾಯ್ತು ಅಂತ ಹೇಳಿದ್ದು. ನಾಳೆಯ ಮಾತೇ ಆಡ್ತಿರಲಿಲ್ಲ, ಆಯಾ ದಿನದ್ದು ಮಾತ್ರ.

ಪುಟತಿರುವು:
ನಿಮ್ಮ ಅನುಭವವನ್ನೇ ಪೀಟರ್ ಗೋಲ್ವಿಟ್ಸರ್ ಅವರ ತಂಡ 2009ರಲ್ಲಿ ತೋರಿಸಿತು. ಒಳ್ಳೆ ವಕೀಲರಾಗಬೇಕು ಅಂತಿದ್ದ ಕಾನೂನು ವಿದ್ಯಾರ್ಥಿಗಳು ತಮ್ಮ ಸಂಕಲ್ಪ ಬರೆದು ಕೊಟ್ಟರು. ಅದನ್ನ ಇನ್ನೊಬ್ಬರು ಓದಿ ಗಮನಿಸಿದ್ದು ಯಾರಿಗೆ ಗೊತ್ತಾಯ್ತೋ ಅವರು ಆಮೇಲೆ ಕಡಿಮೆ ದುಡಿದರು. ನಾನು ಇಂಥವನು ಅನ್ನಿಸಿಕೊಳ್ಳೋ ಗುರಿಗಳಲ್ಲಿ ಹೀಗಾಗುತ್ತೆ ಅಂತ ಅವರ ವಾದ. ಸಂಕಲ್ಪ ಸಾರೋದು ಒಂದು, ಮಾಡಿದ್ದನ್ನ ಒಪ್ಪಿಸೋದು ಬೇರೆ. ಈ ಚರ್ಚೆಯಲ್ಲಿ ಎರಡೂ ಕಲಸಿಹೋಗ್ತಿವೆ.

ನಡಿಗೆಗಾರ:
ಅದಕ್ಕೇ ಹೊಸ ವರ್ಷದ ಪೋಸ್ಟ್‌ಗಳು ಫೆಬ್ರವರಿಗೆ ಕಾಣಲ್ಲ.

ಒಂಟಿಸಲಗ:
ಘೋಷಣೆ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೀನಿ. ಆದರೆ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೇಳೋರು ಹೋದ ಮೇಲೆ ಏನು?

ಪುಟತಿರುವು:
ಅದಕ್ಕೂ ಒಂದು ಸುಳಿವಿದೆ. ಫಿಲಿಪ್ಪೀನ್ಸ್‌ನ ಬ್ಯಾಂಕೊಂದು ಧೂಮಪಾನಿಗಳಿಗೆ ಒಂದು ಉಳಿತಾಯ ಖಾತೆ ಕೊಡ್ತು. ಜಿನೆ, ಕಾರ್ಲನ್, ಜಿನ್‌ಮನ್ ಅವರ ಅಧ್ಯಯನ ಇದು, 2010ರಲ್ಲಿ ಪ್ರಕಟವಾಯ್ತು. ಆರು ತಿಂಗಳು ಹಣ ಹಾಕ್ತಾ ಹೋಗಬೇಕು. ಕೊನೆಗೆ ಮೂತ್ರ ಪರೀಕ್ಷೆ. ನಿಕೋಟಿನ್ ಸಿಕ್ಕರೆ ಹಣವೆಲ್ಲ ದಾನಕ್ಕೆ ಹೋಗುತ್ತೆ. ಕರೆದವರಲ್ಲಿ 11% ಜನ ಮಾತ್ರ ಒಪ್ಪಿದರು. ಆದರೂ ಆ ಅವಕಾಶ ಸಿಕ್ಕ ಇಡೀ ಗುಂಪಿನಲ್ಲಿ ಸಿಗರೇಟ್ ಬಿಟ್ಟವರು, ಸಿಗದ ಗುಂಪಿಗಿಂತ ಸುಮಾರು 3 ಶೇಕಡಾಂಶ ಹೆಚ್ಚು, ಅಂದರೆ ನೂರಕ್ಕೆ ಮೂರು ಜನ ಹೆಚ್ಚು. ಮುಖ್ಯವಾದದ್ದು ಮುಂದೆ ಇದೆ. ಒಪ್ಪಂದ ಮುಗಿದು ಆರು ತಿಂಗಳಾದ ಮೇಲೆ, ಅಂದರೆ ಹನ್ನೆರಡನೇ ತಿಂಗಳಲ್ಲಿ, ಹೇಳದೆ ಕೇಳದೆ ಮತ್ತೊಮ್ಮೆ ಪರೀಕ್ಷೆ ಮಾಡಿದರು. ವ್ಯತ್ಯಾಸ ಹಾಗೇ ಇತ್ತು. ಕೇಳೋರು ಹೋದರೂ ಉಳೀಬಹುದು ಸಲಗ ಅವರೇ.

ಒಂಟಿಸಲಗ:
3 ಶೇಕಡಾಂಶ ಅಂದ್ರೆ ಏನು ಮಹಾ?

ಹೊಗೆಬಿಟ್ಟವ:
ಸಿಗರೇಟ್ ಬಿಡೋದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಅದು ಸಣ್ಣದಲ್ಲ. ಆ ಮೂರು ಜನ ಯಾರದೋ ಅಪ್ಪ, ಯಾರದೋ ಮಗ.

ಸಣ್ಣಸ್ವರ:
ನಾನು ಹಾಡು ಕಲಿಸ್ತೀನಿ. ಒಂದು ವಿಷಯದಲ್ಲಿ ಸಲಗ ಅವರ ಪಕ್ಷ. ಹೊಸ ಪಾಠ ಕಲಿಯೋವಾಗ ಯಾರಾದ್ರೂ ಕೂತು ಕೇಳ್ತಿದ್ರೆ ಮಕ್ಕಳಿಗೆ ಸ್ವರವೇ ನಿಲ್ಲಲ್ಲ. ಅದೇ ಪಾಠ ಗಟ್ಟಿಯಾದ ಮೇಲೆ ನಾಲ್ಕು ಜನ ಎದುರಿಗೆ ಕೂತರೆ ಒಬ್ಬರೇ ಇದ್ದಾಗಿಂತ ಚೆನ್ನಾಗಿ ಹಾಡ್ತಾರೆ. ಅದಕ್ಕೇ ನಾನು ಮೊದಲ ಕೆಲವು ವಾರ "ಹಾಡಿ ತೋರಿಸು" ಅನ್ನಲ್ಲ. "ಕೂತಿದ್ಯಾ, ಎಷ್ಟು ಹೊತ್ತು ಕೂತೆ?" ಅಂತ ಮಾತ್ರ ಕೇಳ್ತೀನಿ.

ಪುಟತಿರುವು:
ಇದು ಜಿರಳೆಗಳಲ್ಲೂ ಕಂಡಿದೆ, ನಿಜವಾಗಲೂ. 1969ರಲ್ಲಿ ರಾಬರ್ಟ್ ಜಯಾನ್ಸ್ ಮತ್ತು ಜೊತೆಯವರು ಜಿರಳೆಗಳನ್ನ ಓಡಿಸಿ ನೋಡಿದರು. ನೇರ ದಾರಿಯಲ್ಲಿ, ಪಕ್ಕದಲ್ಲಿ ಬೇರೆ ಜಿರಳೆಗಳು ನೋಡ್ತಿದ್ರೆ ಬೇಗ ಓಡಿದವು. ತಿರುವು ಇರೋ ದಾರಿಯಲ್ಲಿ, ಅದೇ ಪ್ರೇಕ್ಷಕರ ಎದುರು ನಿಧಾನ ಆದವು. ರೂಢಿಯಾದ ಕೆಲಸಕ್ಕೆ ನೋಡೋರು ಇದ್ದರೆ ಬಲ, ಹೊಸದಕ್ಕೆ ಅಡ್ಡಿ ಅಂತ ಅವರು 1965ರಲ್ಲೇ ಹೇಳಿದ್ದರು.

ಗಟ್ಟಿಮಾತು:
ಜಿರಳಿಗೂ ಪ್ರೇಕ್ಷಕರು! ಇದನ್ನ ಓದಿ ಮನಿಮಂದಿಗೆಲ್ಲಾ ಓದಿ ಹೇಳಿದೆ.

ಬಾಲವಾಡಿಸು:
ಪ್ರಾಣಿಗಳ ಮಾತು ಬಂತಲ್ಲ, ನಮ್ಮ ನಾಯಿಯ ಬಗ್ಗೆ ಹೇಳಲೇಬೇಕು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದು ಹೊದಿಕೆ ಎಳೆಯುತ್ತೆ. ಮಳೆ, ತಲೆನೋವು, ನಿನ್ನೆ ತಡವಾಗಿ ಮಲಗಿದ್ದು, ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ನೆಪ ಕೇಳಿಸಿಕೊಳ್ಳಲ್ಲ, ಆದರೆ ನಿನ್ನೆ ಯಾಕೆ ಬರಲಿಲ್ಲ ಅಂತ ಮುಖ ಊದಿಸಿಕೊಳ್ಳೋದೂ ಇಲ್ಲ. ಇಂಥ ಜೊತೆಗಾರ ಮನುಷ್ಯರಲ್ಲಿ ಸಿಗೋದು ಅಪರೂಪ.

ರಾತ್ರಿಪಾಳಿ:
ಇದಕ್ಕೆ ಆಧಾರ ಇದೆ. 1991ರಲ್ಲಿ ಕ್ಯಾರೆನ್ ಆ್ಯಲನ್ ಮತ್ತು ಜೊತೆಯವರು 45 ಮಹಿಳೆಯರಿಗೆ ಒತ್ತಡ ತರೋ ಲೆಕ್ಕ ಕೊಟ್ಟು ಹೃದಯದ ಬಡಿತ ಅಳೆದರು. ಪಕ್ಕದಲ್ಲಿ ಅವರ ನಾಯಿ ಇದ್ದಾಗ ದೇಹ ಶಾಂತವಾಗಿತ್ತು. ಆಪ್ತ ಗೆಳತಿ ಇದ್ದಾಗ ಒತ್ತಡ ಏರಿತು. ಗೆಳತಿ ಅಳೆದು ನೋಡ್ತಾಳೆ ಅನ್ನೋ ಭಾವ ಇರುತ್ತೆ, ನಾಯಿ ವಿಷಯದಲ್ಲಿ ಅದಿಲ್ಲ. ವರದಿ ಕೇಳೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಮೌನದಕಿಟಕಿ:
ಗಂಡ ಅಥವಾ ಹೆಂಡತಿಯನ್ನೇ ಕೇಳೋರಾಗಿ ಇಟ್ಟುಕೊಳ್ಳಬಹುದಾ?

ನಡಿಗೆಗಾರ:
ಬೇಡ.

ಸಣ್ಣಸ್ವರ:
ನನ್ನದೂ ಅದೇ ಉತ್ತರ. "ವಾಕಿಂಗ್ ಹೋದ್ರಾ?" ಅನ್ನೋ ಪ್ರಶ್ನೆಯಲ್ಲಿ ಬಾಕಿ ಇರೋ ಹತ್ತು ಕೆಲಸದ ನೆನಪೂ ಸೇರಿಬಿಡುತ್ತೆ. ಕೇಳಿದವರು ಹಾಗೆ ಅಂದಿರಲ್ಲ, ಕೇಳಿಸಿಕೊಂಡವರಿಗೆ ಹಾಗೇ ಕೇಳುತ್ತೆ.

ಹೊಗೆಬಿಟ್ಟವ:
ಎಲ್ಲರಿಗೂ ಹಾಗೆ ಆಗಲ್ಲ. ನಮ್ಮ ಅತ್ತಿಗೆಗೆ ಬಿಪಿ ಮಾತ್ರೆ ನೆನಪಿಸೋದು ಅಣ್ಣ, ಅವನ ವ್ಯಾಯಾಮ ಕೇಳೋದು ಅತ್ತಿಗೆ. ಇಬ್ಬರೂ ಒಬ್ಬರಿಗೊಬ್ಬರು ಒಪ್ಪಿಸಬೇಕಾಗಿರೋದರಿಂದ ಅಲ್ಲಿ ಮೇಲು ಕೀಳು ಬರಲ್ಲ. ಒಬ್ಬರೇ ಕೇಳ್ತಾ ಇನ್ನೊಬ್ಬರೇ ಒಪ್ಪಿಸ್ತಾ ಇದ್ರೆ ಅದು ಬೇಗ ಕಹಿ ಆಗುತ್ತೆ.

ರಾತ್ರಿಪಾಳಿ:
ಈ ಮಾತಿಗೆ ಹಳೇ ಸಾಕ್ಷಿ ಇದೆ. ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪು ಶುರುವಾಗಿದ್ದು 1935ರಲ್ಲಿ, ಅಮೆರಿಕಾದ ಆ್ಯಕ್ರನ್‌ನಲ್ಲಿ, ಇಬ್ಬರು ಕುಡಿತದ ಚಟಕ್ಕೆ ಬಿದ್ದವರಿಂದ. ಕುಡಿಯೋ ಆಸೆ ತಡೆಯೋಕಾಗದೆ ಒದ್ದಾಡ್ತಿದ್ದ ಬಿಲ್ ವಿಲ್ಸನ್, ತನ್ನ ಹಾಗೇ ಇರೋ ಇನ್ನೊಬ್ಬರ ಜೊತೆ ಮಾತಾಡಬೇಕು ಅಂತ ಹುಡುಕಿಕೊಂಡು ಹೋದ. ಸಿಕ್ಕಿದವರು ಬಾಬ್ ಸ್ಮಿತ್ ಅನ್ನೋ ವೈದ್ಯ. ಉಪದೇಶ ಮಾಡೋಕೆ ಹೋದವನಲ್ಲ, ತಾನು ಉಳಿಯೋಕೆ ಹೋದವನು. ಅಲ್ಲಿ ಇವತ್ತಿಗೂ ಹೊಸಬರ ಜೊತೆ ಒಬ್ಬ ಹಳಬರು ನಿಲ್ಲೋ ಪದ್ಧತಿ ಇದೆ. 2020ರ ಕೊಕ್ರೇನ್ ಪರಿಶೀಲನೆ 27 ಅಧ್ಯಯನ, 10,000ಕ್ಕೂ ಹೆಚ್ಚು ಜನರನ್ನ ನೋಡಿತು. ಪೂರ್ತಿ ಕುಡಿತ ಬಿಡೋ ವಿಷಯದಲ್ಲಿ, ಆ ಗುಂಪಿಗೆ ಸೇರಿಸೋ ವ್ಯವಸ್ಥಿತ ಚಿಕಿತ್ಸೆ ಬೇರೆ ಸ್ಥಾಪಿತ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೇ ಅಂತ ಕಂಡಿತು. ಕೇಳೋರಿಗೂ ಕೇಳೋದರಿಂದ ಬಲ ಬರುತ್ತೆ. ಇದನ್ನ ನಾವು ಕಡಿಮೆ ಮಾತಾಡ್ತೀವಿ ಅನ್ನೋದು ನನ್ನ ಬೇಸರ.

ಮೌನದಕಿಟಕಿ:
ಆ್ಯಪ್ ಸಾಕಾಗಲ್ವಾ? ನನ್ನ ಫೋನ್‌ನಲ್ಲಿ ದಿನಾ ಗುರುತು ಹಾಕೋ ಆ್ಯಪ್ ಇದೆ.

ಗಟ್ಟಿಮಾತು:
ಆ್ಯಪಿಗೆ ಸುಳ್ಳ ಹೇಳಿದ್ರ ಮನಸ್ಸಿಗೆ ಏನೂ ಅನ್ನಸಂಗಿಲ್ರಿ. ಮನಷಾರಿಗೆ ಹೇಳಬೇಕಂದ್ರ ಗಂಟಲಾಗ ಹಿಡಿತೈತಿ.

ಪುಟತಿರುವು:
ಆ್ಯಪ್‌ನಲ್ಲಿ ಇನ್ನೊಂದು ತೊಂದರೆ, ಎಷ್ಟು ದಿನ ಬಿಡದೆ ಮಾಡಿದ್ರಿ ಅನ್ನೋ ಸರಪಳಿ ಲೆಕ್ಕ. ಒಂದು ದಿನ ತಪ್ಪಿದ ಕೂಡಲೇ ಸೊನ್ನೆಗೆ ಇಳಿಸಿ ತೋರಿಸುತ್ತೆ. ಅಭ್ಯಾಸ ಹಾಗೆ ಸೊನ್ನೆಗೆ ಇಳಿಯಲ್ಲ. ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನ ಗಮನಿಸಿದ್ದು 2010ರಲ್ಲಿ ಪ್ರಕಟವಾಯ್ತು. ಹೊಸ ಅಭ್ಯಾಸ ತಾನಾಗೇ ನಡೆಯೋ ಮಟ್ಟಕ್ಕೆ ಬರೋಕೆ ಹಿಡಿದಿದ್ದು ಹೆಚ್ಚುಕಮ್ಮಿ 66 ದಿನ. ಆದರೆ ವ್ಯತ್ಯಾಸ ನೋಡಿ, 18 ದಿನದಿಂದ 254 ದಿನದ ತನಕ. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟ ಏನೂ ಆಗಲಿಲ್ಲ. 21 ದಿನದಲ್ಲಿ ಅಭ್ಯಾಸ ಕೂರುತ್ತೆ ಅನ್ನೋ ಮಾತನ್ನ ದಯವಿಟ್ಟು ಮರೆತುಬಿಡಿ.

ಒಂಟಿಸಲಗ:
ಇದನ್ನ ಓದಿದ ಮೇಲೆ ನನ್ನ ನಿಲುವು ಸ್ವಲ್ಪ ತಿದ್ದಿ ಹೇಳ್ತೀನಿ. 254 ದಿನ ಬೇಕಾಗೋ ಅಭ್ಯಾಸಕ್ಕೆ ನಡುವೆ ಯಾರಾದರೂ ಬೇಕಾಗಬಹುದು, ಒಪ್ಪಿದೆ. ಆದರೆ ಯಾವಾಗ ಬಿಡಿಸಿಕೊಳ್ಳಬೇಕು ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಿ. ದಿನಾ ಕೇಳೋದು ವಾರಕ್ಕೊಮ್ಮೆ ಆಗಲಿ, ಆಮೇಲೆ ತಿಂಗಳಿಗೊಮ್ಮೆ. ನಾನು ಹೇಳ್ತಿರೋ ಒಳಗಿನ ಬಲ ಬೆಳೆಯೋಕೆ ಆ ಖಾಲಿ ಜಾಗ ಬೇಕು. ಇದನ್ನ ಮಾತ್ರ ಬಿಟ್ಟುಕೊಡಲ್ಲ.

ಸಣ್ಣಸ್ವರ:
ಇದು ಒಳ್ಳೇ ಮಾತು. ನಾನೂ ನನ್ನ ವಿದ್ಯಾರ್ಥಿಗಳ ಜೊತೆ ಹೀಗೇ ಮಾಡಿ ನೋಡ್ತೀನಿ.

ರಾತ್ರಿಪಾಳಿ:
ಒಂದು ಆಕ್ಷೇಪ. ಕೆಲವಕ್ಕೆ ಬಿಡಿಸಿಕೊಳ್ಳೋ ದಿನವೇ ಬೇಡ. ಮಾತ್ರೆ, ಕುಡಿತ, ಮನಸ್ಸಿನ ಕಾಯಿಲೆ ಇಂಥವುಗಳಲ್ಲಿ ಕೇಳೋರು ಜೀವನ ಪೂರ್ತಿ ಇದ್ದರೂ ತಪ್ಪಿಲ್ಲ.

ಒಂಟಿಸಲಗ:
ಕಾಯಿಲೆ ವಿಷಯದಲ್ಲಿ ನಿಮ್ಮ ಮಾತೇ ಸರಿ. ನಾನು ಓಟ, ಓದು, ಬರವಣಿಗೆ ಬಗ್ಗೆ ಹೇಳಿದ್ದು.

ನಿರ್ವಾಹಕ:
ಚರ್ಚೆ ಚೆನ್ನಾಗಿ ಸಾಗ್ತಿದೆ. ಒಂದು ವಿನಂತಿ, ಜೊತೆಗಾರರನ್ನ ಹುಡುಕೋರು ಫೋನ್ ನಂಬರನ್ನ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶ ಬಳಸಿ.

ಮೌನದಕಿಟಕಿ:
ಕೊನೆಯದಾಗಿ ಒಂದು. ನಾನೂ ಒಬ್ಬರೂ ವ್ಯಾಯಾಮಕ್ಕೆ ಜೊತೆಯಾಗಿದ್ದೀವಿ. ಅವರು ಈಚೆಗೆ ತಪ್ಪಿಸ್ತಾನೇ ಇದ್ದಾರೆ, ಉತ್ತರವನ್ನೂ ಕೊಡ್ತಿಲ್ಲ. ಅವರು ಬಿಟ್ಟರು ಅಂತ ನನಗೂ ಬಿಡೋ ಮನಸ್ಸಾಗ್ತಿದೆ. ಬಿಡದ ಹಾಗೆ ಏನು ಮಾಡಲಿ?

ಹೊಗೆಬಿಟ್ಟವ:
ಯಾಕೆ ಮಾಡಲಿಲ್ಲ ಅಂತ ಕೇಳಬೇಡಿ. ನಿಮ್ಮ ವರದಿಯನ್ನ ಎಂದಿನ ಹಾಗೇ ಅವರಿಗೆ ಕಳಿಸ್ತಾ ಇರಿ, ಉತ್ತರ ಬರದಿದ್ರೂ. ಜೊತೆಗೆ ಮೂರನೆಯವರೊಬ್ಬರನ್ನ ಸೇರಿಸಿಕೊಳ್ಳಿ. ಇಬ್ಬರೇ ಇದ್ದಾಗ ಒಬ್ಬರು ನಿಂತರೆ ಎಲ್ಲ ನಿಲ್ಲುತ್ತೆ, ಮೂವರಿದ್ದರೆ ಒಬ್ಬರ ಕೆಟ್ಟ ವಾರವನ್ನ ಉಳಿದಿಬ್ಬರು ದಾಟಿಸಬಹುದು.

ಬೆಳಗಿನಸಾಲು:
ಕಿಟಕಿ ಅವರೇ, ಮೂರನೆಯವರು ಸಿಗದಿದ್ರೆ ನನಗೆ ಸಂದೇಶ ಹಾಕಿ. ವ್ಯಾಯಾಮದ ಬಗ್ಗೆ ನನಗೇನೂ ಗೊತ್ತಿಲ್ಲ, ಆದರೆ ಭಾನುವಾರ ಸಂಜೆ ಕೇಳೋಕೆ ಬರುತ್ತೆ. ನನ್ನದನ್ನೂ ನೀವು ಕೇಳಬೇಕು.

ಮೌನದಕಿಟಕಿ:
ಕಳಿಸಿದ್ದೀನಿ, ನೋಡಿ.